ಹನ್ನೊಂದೂವರೆ ಮಿಲಿಮೀಟರಿನ ಕೀರ್ತಿ

ನಾನು ಒಂದು ಸ್ಪೂಲ್ ಟೇಪ್ ರೆಕಾರ್ಡರ್. ಹೀಗಂದರೆ ಈಗಿನವರಿಗೆ ಏನೂ ತಿಳಿಯುವುದಿಲ್ಲ, ಗೊತ್ತು. ಸೂಟ್‌ಕೇಸಿನಷ್ಟು ದೊಡ್ಡ ಮೈ, ಎದೆಯ ಮೇಲೆ ಊಟದ ತಟ್ಟೆಯಂಥ ಎರಡು ಚಕ್ರ, ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುವ ಕಂದು ಬಣ್ಣದ ಟೇಪು. ತೂಕ ಹದಿನಾಲ್ಕು ಕಿಲೋ. ನನ್ನನ್ನು ಎತ್ತಿದವರೆಲ್ಲ ಮೊದಲು ನನ್ನನ್ನು ಬೈದಿದ್ದಾರೆ, ಆಮೇಲೆ ನನ್ನನ್ನು ತಂದವರನ್ನು ಬೈದಿದ್ದಾರೆ.

ಹರಿಹರದಲ್ಲಿ, ಚೌರಪ್ಪ ಎಂಬ ನಿವೃತ್ತ ಟರ್ನರನ ಮನೆಯ ನಡುಕೋಣೆಯಲ್ಲಿ ನನ್ನ ವಾಸ. ನನ್ನ ಮುಂದೆ ಕೂತು ಜನ ಕೇಳುವುದು ಒಂದೇ ಪ್ರಶ್ನೆ. ‘ಮೂರನೇ ಪಾಳಿ’ ಎಂಬ ಆ ಹಾರ್ಡ್ ರಾಕ್ ಆಲ್ಬಂ ನಿಜಕ್ಕೂ ಅಷ್ಟು ದೊಡ್ಡದೇ? ಅದಕ್ಕೆ ಸಿಕ್ಕ ಹೆಸರು ಅದಕ್ಕೆ ಸಲ್ಲಬೇಕಾದ್ದೇ? ನನಗೆ ಕೇಳಿ ಕೇಳಿ ಸಾಕಾಗಿದೆ. ಸಲ್ಲುತ್ತದೆ ಅನ್ನುವವರಿಗೂ ಗೊತ್ತಿಲ್ಲ, ಸಲ್ಲದು ಅನ್ನುವವರಿಗೂ ಗೊತ್ತಿಲ್ಲ. ಗೊತ್ತಿದ್ದವನು ನಲವತ್ತು ವರ್ಷ ಬಾಯಿ ಬಿಡಲಿಲ್ಲ. ನನಗೆ ಬಾಯಿಯಿಲ್ಲ, ಬೇರೆಯವರು ತುಂಬಿದ್ದನ್ನಷ್ಟೇ ನಾನು ಆಡಬಲ್ಲೆ.

ನಾನು ಹುಟ್ಟಿದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಹಿಮ ಬೀಳುವ ಒಂದು ದೇಶದಲ್ಲಿ. ನನ್ನ ಹೊಟ್ಟೆಯೊಳಗಿನ ತಿರುಪುಗಳನ್ನು ಬಿಳಿ ಕೋಟಿನ ಹೆಂಗಸೊಬ್ಬಳು ಬಿಗಿದಳು. ಮೋಟಾರಿನ ಅಚ್ಚಿಗೆ ಅರ್ಧ ಇಂಚಿನ ಪುಟ್ಟ ರಾಟೆಯನ್ನು, ಅಂದರೆ ಪುಲ್ಲಿಯನ್ನು, ಕೂರಿಸಿ, ಅದರಿಂದ ರಬ್ಬರ್ ಬೆಲ್ಟ್ ಎಳೆದು, ಕಿವಿಗೊಟ್ಟು ಕೇಳಿ, ಸರಿ ಎಂದು ತಲೆಯಾಡಿಸಿದಳು. ನನ್ನ ನಡಿಗೆಯ ವೇಗವೆಲ್ಲ ಆ ಪುಲ್ಲಿಯಲ್ಲಿತ್ತು. ಅದು ಸರಿಯಿದ್ದರೆ ನಾನು ಸರಿ.

ಎರಡು ವರ್ಷದ ಮೇಲೆ ಹಡಗು ಹತ್ತಿ, ರೈಲು ಹತ್ತಿ ಹರಿಹರಕ್ಕೆ ಬಂದೆ. ಊರಿನ ದೊಡ್ಡ ಕಾರ್ಖಾನೆಯಲ್ಲಿ ಹೊಸ ಯಂತ್ರಗಳನ್ನು ಕೂರಿಸಲು ಬಂದ ಪರದೇಶದ ಇಂಜಿನಿಯರೊಬ್ಬ ನನ್ನನ್ನು ತಂದಿದ್ದ. ಅವನಿಗೆ ಸಂಗೀತದ ಹುಚ್ಚಿರಲಿಲ್ಲ. ಯಂತ್ರಗಳ ಬೇರಿಂಗ್ ಸದ್ದನ್ನು ನನ್ನೊಳಗೆ ತುಂಬಿಕೊಂಡು ಮನೆಗೆ ಹೋಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಎಲ್ಲಿ ಕಿರಕ್ ಅಂದರೆ ಅಲ್ಲಿ ರೋಗ ಎನ್ನುತ್ತಿದ್ದ. ಮೂರು ವರ್ಷ ನಾನು ಕೇಳಿದ್ದು ಬರೀ ಕಬ್ಬಿಣದ ಕೆಮ್ಮು. ಊರು ಬಿಡುವಾಗ ಅವನು ನನ್ನನ್ನು ಚರ್ಚಿನ ಪಾದ್ರಿಗಳಿಗೆ ಕೊಟ್ಟು ಹೋದ. ಅಲ್ಲಿ ಹನ್ನೆರಡು ವರ್ಷ ಕ್ರಿಸ್ಮಸ್ ಹಾಡು, ಈಸ್ಟರ್ ಹಾಡು, ಹಾರ್ಮೋನಿಯಂ ಜೊತೆ ಹೆಂಗಸರ ಕೋರಸ್ಸು. ನೆಮ್ಮದಿಯ ದಿನಗಳು. ಹಳಬರಾದ ಪಾದ್ರಿ ಬೇರೆ ಊರಿಗೆ ವರ್ಗವಾಗುವಾಗ, ಕೋರಸ್ಸಿಗೆ ಗಿಟಾರ್ ಬಾರಿಸುತ್ತಿದ್ದ ಚೌರಪ್ಪನನ್ನು ಕರೆದು, “ಇದು ನಿನ್ನ ಕೈಯಲ್ಲಿದ್ದರೆ ಬದುಕುತ್ತದೆ” ಎಂದು ನನ್ನನ್ನು ಒಪ್ಪಿಸಿದರು.

ಚೌರಪ್ಪನ ಕೈಯ ಬಗ್ಗೆ ಹೇಳಲೇಬೇಕು. ಟರ್ನರನಾಗಿ ಕಾರ್ಖಾನೆಯಲ್ಲಿ, ಲೋಹ ಕಡೆಯುವ ಲೇತ್ ಮೇಲೆ, ಅವನು ತಿರುವಿದ ಭಾಗವನ್ನು ಪರೀಕ್ಷಕರು ಅಳೆಯುತ್ತಲೇ ಇರಲಿಲ್ಲವಂತೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ತಾನೇ ಎತ್ತಿ ಗುಜರಿ ಪೆಟ್ಟಿಗೆಗೆ ಎಸೆಯುತ್ತಿದ್ದ. ಉತ್ತಮ ಕೆಲಸಗಾರನೆಂದು ಕಾರ್ಖಾನೆ ಕೊಟ್ಟ ಸರ್ಟಿಫಿಕೇಟು ಈಗಲೂ ನನ್ನ ಎದುರಿನ ಗೋಡೆಯ ಮೇಲಿದೆ. ಮನೆಯಲ್ಲಿ ಅವನ ಹೆಂಡತಿ ಲೂರ್ದಮ್ಮ ಚಪಾತಿ ಲಟ್ಟಿಸಿದರೂ ಅಂಚು ನೋಡುವ ಮನುಷ್ಯ.

ಅವನ ಸಂಗಡ ಇಬ್ಬರಿದ್ದರು. ಒಬ್ಬ ದಾದಾಪೀರ್, ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. ಇನ್ನೊಬ್ಬ ಹಾಲೇಶ, ಆಗ ಇಪ್ಪತ್ತಾರರ ಯುವಕ. ದಾವಣಗೆರೆಯಲ್ಲಿ ಅವರಮ್ಮನದೊಂದು ಮಂಡಕ್ಕಿ ಭಟ್ಟಿ. ಚೌರಪ್ಪನಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು, “ಚೌರಣ್ಣ, ಚೌರಣ್ಣ” ಎಂದು ಹಿಂದೆ ಮುಂದೆ ಸುತ್ತುತ್ತಿದ್ದ. ಚೌರಪ್ಪನ ಗಿಟಾರಿನ ಜೊತೆ ತಾನೂ ಗಿಟಾರ್ ಬಾರಿಸುತ್ತ ಹಾಡುತ್ತಿದ್ದವನು ಅವನೇ. ದನಿ ತೆಳು, ಎತ್ತರ, ಚುರುಕು. ಕಾದ ಉಸುಕಿಗೆ ಅಕ್ಕಿ ಬಿದ್ದ ಹಾಗೆ ಚಟಚಟ ಸಿಡಿಯುತ್ತಿತ್ತು.

ಆ ಕಾಲಕ್ಕೆ ಊರಿನ ಗಾಳಿಗೆ ಹಾರ್ಡ್ ರಾಕ್ ಹೇಗೆ ಬಂತೋ ಕಾಣೆ. ಬೆಂಗಳೂರಿನಿಂದ ಯಾರೋ ತಂದ ಕ್ಯಾಸೆಟ್ಟುಗಳಿರಬೇಕು. ಈ ಮೂವರೂ ಕೂತು ಕನ್ನಡದಲ್ಲೇ ಎಂಟು ಹಾಡು ಕಟ್ಟಿದರು. ಏಳು ಹಾಡು ಕಾರ್ಖಾನೆ, ಮಿಲ್ಲು, ಸೈರನ್ನು, ಪಾಳಿ ಮುಗಿಸಿ ಬರುವವರ ಉರಿಯುವ ಕಣ್ಣಿನವು. ಎಂಟನೆಯದು ಮಾತ್ರ ಹಾಲೇಶ ಒಬ್ಬನೇ ಬರೆದದ್ದು. ಅದರ ಹೆಸರು ‘ಬಿಸಿ ಉಸುಕು’. ಭಟ್ಟಿಯ ಮುಂದೆ ಕೂತು ಜರಡಿಯಾಡಿಸುತ್ತ ಮಕ್ಕಳನ್ನು ಊಟಕ್ಕೆ ಕೂಗುವ ಅವರಮ್ಮನ ಹಾಡು.

ಎಂಬತ್ತೆರಡರಲ್ಲಿ, ಮೂರು ದಿನ ರಜೆ ಸಿಕ್ಕಾಗ, ಊರಾಚೆಯ ಹತ್ತಿ ಗೋದಾಮಿನಲ್ಲಿ ರೆಕಾರ್ಡಿಂಗ್ ನಡೆಯಿತು. ಸುತ್ತಲೂ ಹತ್ತಿಯ ಮೂಟೆ, ನಡುವೆ ಮೂವರು, ಎದುರಿಗೆ ನಾನು. ಸದ್ದು ಹೊರಗೆ ಹೋಗದು, ಹೊರಗಿನ ಸದ್ದು ಒಳಗೆ ಬಾರದು. ದಾದಾಪೀರನಿಗೊಂದು ಕಾಯಿಲೆಯಿತ್ತು. ಕಲ್ಯಾಣಮಂಟಪ ಹತ್ತಿರ ಬಂದ ಹಾಗೆ ಮೆರವಣಿಗೆಯ ಬ್ಯಾಂಡು ಬಡಿತ ಏರಿಸುತ್ತದಲ್ಲ, ಆ ಅಭ್ಯಾಸ ಅವನ ಕೈ ಬಿಟ್ಟಿರಲಿಲ್ಲ. ಪ್ರತಿ ಹಾಡೂ ಮಂಟಪದ ಕಡೆಗೆ ಓಡುತ್ತಿತ್ತು. ಹಾಲೇಶ ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದ. ನಿಜ ಹೇಳುತ್ತೇನೆ, ಏಳು ಹಾಡುಗಳಲ್ಲಿ ಹುರುಪಿತ್ತು, ತೂಕವಿರಲಿಲ್ಲ. ‘ಬಿಸಿ ಉಸುಕು’ ಬಂದಾಗ ಮಾತ್ರ ದಾದಾಪೀರ್ ಕೋಲು ಕೆಳಗಿಟ್ಟು ಬೆರಳಲ್ಲೇ ನುಡಿಸಿದ. ಹಾಲೇಶನ ದನಿ ತಾನೇತಾನಾಗಿ ಮೇಲಕ್ಕೆ ಹೋಗಿ ನಿಂತಿತು. ನನ್ನೊಳಗಿನ ಟೇಪು ಅಂಥದ್ದನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಮನೆಗೆ ಮರಳುವಾಗ ಸೈಕಲ್ ಕ್ಯಾರಿಯರಿಗೆ ಕಟ್ಟಿದ ಹಗ್ಗ ಸಡಿಲಾಗಿ, ರೈಲ್ವೆ ಗೇಟಿನ ಹತ್ತಿರ ನಾನು ಬಿದ್ದೆ. ಮೈಗೆ ಏನೂ ಆಗಲಿಲ್ಲ. ಆದರೆ ಒಳಗೆ ಆ ಅರ್ಧ ಇಂಚಿನ ಪುಲ್ಲಿ ಎರಡು ಹೋಳಾಯಿತು.

ಮರುದಿನ ಚೌರಪ್ಪ ಹೋಳುಗಳನ್ನು ಜೋಡಿಸಿ ವರ್ನಿಯರ್ ಹಿಡಿದು ಅಳೆದ. ಹನ್ನೆರಡು ದಶಮಾಂಶ ಏಳು ಮಿಲಿಮೀಟರ್. ಹೋಳುಗಳನ್ನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ಸಂಜೆ ಹೊಸ ಪುಲ್ಲಿ ತಂದು ನನಗೆ ಕೂರಿಸುತ್ತ ತನ್ನಷ್ಟಕ್ಕೆ ಮಾತಾಡಿಕೊಂಡ.

“ಊಟದ ಬಿಡುವಿನಾಗೆ ಕದ್ದು ಮಾಡಿದ್ದು. ಸಿಕ್ಕಿದ್ದು ಹನ್ನೆರಡು ಮಿಲಿಮೀಟರಿನ ಸಲಾಕೆ ತುಂಡು, ತುಕ್ಕು ತೆಗೆಯೋವಷ್ಟರಾಗೆ ಹನ್ನೊಂದೂವರೆಗೆ ಬಂತು. ಇರ್ಲಿ ಬಿಡು. ಇದೇನು ಇಂಜಿನ್ನಾ? ಹಾಡು ತಾನೆ.”

ಕಾರ್ಖಾನೆಯ ಕೆಲಸದಲ್ಲಿ ಅಷ್ಟು ವ್ಯತ್ಯಾಸ ಬಂದಿದ್ದರೆ ಈ ಮನುಷ್ಯ ನಾಚಿ ಸಾಯುತ್ತಿದ್ದ. ಸ್ವಂತದ ಕೆಲಸ, ಅದೂ ಹಾಡಿನ ಕೆಲಸ, ನಡೆಯುತ್ತದೆ ಅಂದುಕೊಂಡ. ಲೋಹ ತಿಳಿದವರೆಲ್ಲ ಮಾಡುವ ತಪ್ಪು ಇದು. ಅವರಿಗೆ ಅಳತೆ ಬೇಕಾದ್ದು ಕಬ್ಬಿಣಕ್ಕೆ ಮಾತ್ರ. ಅಂದಿನಿಂದ ನಾನು ಕುಂಟ. ನೂರು ಹೆಜ್ಜೆ ಇಡಬೇಕಾದಲ್ಲಿ ತೊಂಬತ್ತು ಇಡುತ್ತಿದ್ದೆ; ಟೇಪು ನಿಧಾನವಾದರೆ ಅದರ ದನಿಯೂ ದಪ್ಪಗಾಗುತ್ತದೆ.

ಭಾನುವಾರ ಮೂವರೂ ಸೇರಿ ಕೇಳಿದರು. ನನ್ನೊಳಗಿಂದ ಬಂದ ಸದ್ದು ಗೋದಾಮಿನ ಸದ್ದಾಗಿರಲಿಲ್ಲ. ಗಿಟಾರು ದಪ್ಪಗಾಗಿತ್ತು. ದಾದಾಪೀರನ ಓಟ ಆನೆಯ ನಡಿಗೆಯಾಗಿತ್ತು. ಹಾಲೇಶನ ತೆಳು ದನಿ ಬಾವಿಯೊಳಗಿಂದ ಬಂದಂತೆ ಗಡುಸಾಗಿ, ಭಾರವಾಗಿ ಕೇಳಿತು.

“ನಂದಾ ಚೌರಣ್ಣ ಇದು?” ಎಂದ ಹಾಲೇಶ.

“ಮತ್ತೆ ಯಾರ್ದಲೇ? ಸರ್ವೀಸ್ ಮಾಡಿದ ಮ್ಯಾಲೆ ಮಿಷನ್ನು ಹೆಂಗ್ ಮಾತಾಡ್ತೈತೆ ನೋಡು. ಕ್ಯಾಸೆಟ್ಟಿನಾಗೆ ಕೇಳಿದ್ರೆ ಹಿಂಗೇ ಇರೋದು,” ಎಂದ ಚೌರಪ್ಪ. ಆ ಹೊತ್ತಿಗೆ ಅವನಿಗೂ ನಿಜ ಹೊಳೆದಿರಲಿಲ್ಲ. ತನ್ನ ಕೈಗುಣವೇ ಅಂದುಕೊಂಡು ಬೀಗಿದ. ಹಾಲೇಶ ಆ ದನಿಯನ್ನು ಮೂರು ಸಲ ಹಾಕಿಸಿ ಕೇಳಿದ. ಮನುಷ್ಯ ತನ್ನ ದನಿಗೇ ಮನಸೋಲುವುದನ್ನು ನಾನು ಕಂಡದ್ದು ಆ ದಿನ.

ನನಗೆ ಕ್ಯಾಸೆಟ್ ರೆಕಾರ್ಡರುಗಳನ್ನು ಜೋಡಿಸಿ ಇನ್ನೂರು ಪ್ರತಿ ತೆಗೆದರು. ಮಿಲ್ಲಿನ ಕಾರ್ಮಿಕರು ಕೊಂಡರು, ಆಮೇಲೆ ಕಾಲೇಜು ಹಾಸ್ಟೆಲಿನವರು ಒಂದರಿಂದ ಹತ್ತು ಮಾಡಿಕೊಂಡರು. ಆರು ತಿಂಗಳಲ್ಲಿ ‘ಮೂರನೇ ಪಾಳಿ’ ಬೆಂಗಳೂರು, ಹುಬ್ಬಳ್ಳಿ ಮುಟ್ಟಿತು. ಏಳು ಹಾಡನ್ನು ಜನ ತಲೆ ಮೇಲೆ ಹೊತ್ತರು. ಎಂಟನೆಯದನ್ನು ಯಾರೂ ಪೂರ್ತಿ ಕೇಳಲಿಲ್ಲ. ಮೊದಲೇ ನಿಧಾನದ ಹಾಡು, ನನ್ನ ಕುಂಟು ನಡಿಗೆಗೆ ಸಿಕ್ಕಿ ಹೆಣ ಎಳೆದಂತೆ ಎಳೆಯುತ್ತಿತ್ತು. ಎಲ್ಲರೂ ಅದನ್ನು ಓಡಿಸಿ ಬಿಡುತ್ತಿದ್ದರು.

ಹಾಲೇಶ ಆ ದನಿಗೆ ತಕ್ಕವನಾಗಲು ಹೊರಟ. ಬೆಳಗ್ಗೆ ಎದ್ದು ತುಂಗಭದ್ರೆಯಲ್ಲಿ ಕತ್ತಿನವರೆಗೆ ನೀರಲ್ಲಿ ನಿಂತು ಕೆಳಗಿನ ಸ್ವರ ಹಿಡಿದು ಕೂಗುತ್ತಿದ್ದನಂತೆ. ಬೀಡಿ ಸೇದಿದ. ಯಾರೋ ಹೇಳಿದರೆಂದು ಕಾಳುಮೆಣಸಿನ ಕಷಾಯ ಕುಡಿದು ಗಂಟಲು ಸುಟ್ಟುಕೊಂಡ. ದನಿ ಇಳಿಯಲಿಲ್ಲ. “ಅವತ್ತು ಬಂದಿತ್ತು ಚೌರಣ್ಣ, ಈಗ ಯಾಕ್ ಬರ್ತಿಲ್ಲ?” ಎಂದು ಇದೇ ಕೋಣೆಯಲ್ಲಿ ಕೂತು ಕೇಳುತ್ತಿದ್ದ. ಚೌರಪ್ಪ, “ಬರ್ತದೆ ಬಿಡಲೇ, ಸ್ಟೇಜ್ ಹತ್ತಿದ್ರೆ ತಾನಾಗೇ ಬರ್ತದೆ,” ಎನ್ನುತ್ತಿದ್ದ.

ಎಂಬತ್ಮೂರರಲ್ಲಿ ದಾವಣಗೆರೆಯ ಒಂದು ಕಾಲೇಜಿನವರು ವಾರ್ಷಿಕೋತ್ಸವಕ್ಕೆ ಕರೆದರು. ನಾನು ಹೋಗಿರಲಿಲ್ಲ; ಮನೆಗೆ ಬಂದ ದಾದಾಪೀರ್ ಲೂರ್ದಮ್ಮನಿಗೆ ಹೇಳಿದ್ದನ್ನು ಕೇಳಿದೆ. ಹಾಲೇಶ ಬಾಯಿ ತೆರೆದ ತಕ್ಷಣ ಸಭೆಯಲ್ಲಿ ಗುಸುಗುಸು ಎದ್ದಿತಂತೆ. ಎರಡನೇ ಹಾಡಿಗೆ ಹಿಂದಿನ ಸಾಲಿನಿಂದ ಒಬ್ಬ ಕೂಗಿದನಂತೆ: “ಯಾರಪ ನೀನು? ಇಳಿ ಕೆಳಗೆ. ಹಾಲೇಶನ್ನ ಕರೀರಿ!” ಸಭೆಯೆಲ್ಲ ಅದನ್ನೇ ಹಿಡಿದುಕೊಂಡಿತು. ಹಾಲೇಶನ್ನ ಕರೀರಿ, ಹಾಲೇಶನ್ನ ಕರೀರಿ. ಇವನು ಮೈಕಿನಲ್ಲಿ, “ನಾನೇ ಹಾಲೇಶ,” ಅಂದದ್ದಕ್ಕೆ ಇನ್ನೂ ಜೋರು ನಕ್ಕರಂತೆ. ಪಾಪ, ಕೊನೆಗೆ ‘ಬಿಸಿ ಉಸುಕು’ ಹಾಡಲು ಹೋಗಿದ್ದಾನೆ. ಅಷ್ಟು ಹೊತ್ತಿಗೆ ಯಾರು ಕೇಳುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ಆಡಿಕೊಂಡಾರೆಂದು ಮೈಕನ್ನೂ ದೂರದೆ, ಸ್ಪೀಕರನ್ನೂ ದೂರದೆ ಇಳಿದು ಬಂದನಂತೆ. ಅವನು ದೂರಿದ್ದು ತನ್ನ ಗಂಟಲನ್ನು ಮಾತ್ರ.

ಗಿಟಾರನ್ನು ದಾದಾಪೀರನ ಮದುವೆ ಬ್ಯಾಂಡಿನವರಿಗೆ ಕೊಟ್ಟು ಹಾಲೇಶ ಮಂಡಕ್ಕಿ ಭಟ್ಟಿಗೆ ಹೋದ. ಅಲ್ಲಿಂದ ಮುಂದೆ ಅವನು ಹಾಡಿದ್ದನ್ನು ಯಾರೂ ಕೇಳಲಿಲ್ಲ. ಮಗಳ ಮದುವೆಯಲ್ಲಿ ಸೋಬಾನೆಗೆ ದನಿಗೂಡಿಸು ಅಂದರೂ ಎದ್ದು ಹೊರಗೆ ಹೋದನಂತೆ.

ಆ ವಾರ್ಷಿಕೋತ್ಸವವಾದ ಮೇಲೆ, ಅದೇ ವರ್ಷದ ಈಸ್ಟರಿಗೆ ಮುಂಚೆ, ಚೌರಪ್ಪ ಕೋರಸ್ಸಿನ ಹಳೆ ಟೇಪು ಹಾಕಿ, ಅದರ ಜೊತೆ ಹಾರ್ಮೋನಿಯಂ ನುಡಿಸಲು ಕೂತ. ಶ್ರುತಿ ಕೂಡಲಿಲ್ಲ. ಕಪ್ಪು ಕೀ ಒತ್ತಿದ, ಬಿಳಿ ಕೀ ಒತ್ತಿದ. ಟೇಪಿನ ಸ್ವರ ಎರಡರ ನಡುವೆ ಎಲ್ಲೋ ಇತ್ತು. ಆಮೇಲೆ ನನ್ನ ಹಿಂಬದಿ ಬಿಚ್ಚಿ, ವರ್ನಿಯರ್ ತಂದು ಆ ಪುಲ್ಲಿಯನ್ನು ಅಳೆದ. ಅಳತೆ ಅವನಿಗೆ ಗೊತ್ತೇ ಇತ್ತು. ಆದರೂ ಅಳೆದ. ಅವನ ಮುಖ ನನಗೆ ಕೆಳಗಿನಿಂದ ಕಾಣುತ್ತಿತ್ತು. ಅಷ್ಟು ಒಳ್ಳೆಯ ಕೆಲಸಗಾರನ ಮುಖದ ಮೇಲೆ ಅಂಥ ನಾಚಿಕೆಯನ್ನು ನೋಡಲು ನನಗೆ ಇಷ್ಟವಾಗಲಿಲ್ಲ.

ಅವತ್ತೇ ಬಸ್ಸು ಹತ್ತಿ ಹೋಗಿ ಹೇಳಿದ್ದರೆ ಆಗುತ್ತಿತ್ತು. ದಾವಣಗೆರೆಗೆ ಎಷ್ಟು ದೂರ? ಹದಿನಾಲ್ಕು ಕಿಲೋಮೀಟರ್. ಆದರೆ ಹೇಳುವುದೆಂದರೆ ಚೌರಪ್ಪ ಪುಲ್ಲಿಯನ್ನು ತಪ್ಪು ತಿರುವಿದ ಎಂದು ಒಪ್ಪಿಕೊಳ್ಳುವುದು. ಊರೆಲ್ಲ ಹೊಗಳುವ ಆಲ್ಬಮ್ಮು ಕೆಟ್ಟ ಯಂತ್ರದ ಕೂಸು ಎಂದು ಒಪ್ಪಿಕೊಳ್ಳುವುದು. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರಲ್ಲ, ಇಲ್ಲಿ ಹಾಳಾದದ್ದು ಬೇರೆಯವನ ಮನೆ. ನನ್ನ ಮೇಲೆ ಕಸೂತಿಯ ಬಟ್ಟೆ ಹಾಸಿ, ಅದರ ಮೇಲೆ ಮಾತೆಯ ಪ್ರತಿಮೆಯಿಟ್ಟು, ಲೂರ್ದಮ್ಮ ದಿನವೂ ಮೇಣದ ಬತ್ತಿ ಹಚ್ಚತೊಡಗಿದಳು. ನಲವತ್ತು ವರ್ಷ ನಾನು ಯಂತ್ರವಾಗಿರಲಿಲ್ಲ, ಮೇಜಾಗಿದ್ದೆ.

ಹೊರಗೆ ಕಥೆ ಬೆಳೆಯುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಾಲಕ್ಕೂ ಇರುತ್ತಾರೆ. ಕ್ಯಾಸೆಟ್ಟು ಹೋಗಿ ಇಂಟರ್ನೆಟ್ಟು ಬಂದ ಮೇಲೆ ‘ಮೂರನೇ ಪಾಳಿ’ ಹುಡುಕಿಕೊಂಡು ಯಾರು ಯಾರೋ ಬಂದರು. ಒಬ್ಬ, “ಇದು ನೆಲದಡಿಯ ದನಿ, ಕಾರ್ಮಿಕನ ಎದೆಯ ಭಾರ,” ಎಂದ. ಇನ್ನೊಬ್ಬ, “ಎಲ್ಲ ಸುಮ್ಮನೆ ಹೊಗಳಿಕೆ, ಅರೆಬೆಂದ ಹುಡುಗರ ಗದ್ದಲ,” ಎಂದ. ಗಿಟಾರ್ ಕಲಿತ ಮತ್ತೊಬ್ಬ ಒಂದು ವಾರ ತಂತಿ ತಿರುವಿ ಸೋತು, ಇವರದೊಂದು ಗುಪ್ತ ಶ್ರುತಿಯಿದೆ, ಯಾರಿಗೂ ಸಿಕ್ಕದು ಎಂದು ಬರೆದ. ಗುಪ್ತವಂತೆ! ತುಕ್ಕು ಹಿಡಿದ ಸಲಾಕೆಯ ತುಂಡು. ಬಂದವರಿಗೆಲ್ಲ ಲೂರ್ದಮ್ಮ ಚಹಾ ಕೊಟ್ಟಳು, ಚೌರಪ್ಪ ತಲೆಯಾಡಿಸಿದ, ನಾನು ಮೇಣದ ಬಿಸಿ ಹೊತ್ತು ಕೂತಿದ್ದೆ.

ಹೋದ ವರ್ಷ ರುಬೀನಾ ಬಂದಳು. ದಾದಾಪೀರ್ ತೀರಿಹೋಗಿ ಬಹಳ ಕಾಲವಾಗಿತ್ತು. ಇವಳು ಅವನ ಮೊಮ್ಮಗಳು. ಬೆಂಗಳೂರಿನಲ್ಲಿ ಧ್ವನಿಮುದ್ರಣದ ಕೆಲಸ ಕಲಿತವಳು. ಒಂದು ಕಂಪನಿಯವರು ‘ಮೂರನೇ ಪಾಳಿ’ಯನ್ನು ಗ್ರಾಮಫೋನ್ ತಟ್ಟೆಯಾಗಿ ಮತ್ತೆ ತರುತ್ತಾರಂತೆ; ಅದಕ್ಕೆ ಮೂಲ ಟೇಪು ಬೇಕು. ಪ್ರತಿಮೆಯನ್ನು ಭಕ್ತಿಯಿಂದ ಪಕ್ಕಕ್ಕಿಟ್ಟು, ನನ್ನ ಧೂಳು ಒರೆಸಿ, ಒಣಗಿಹೋದ ಬೆಲ್ಟು ಬದಲಿಸಿ ಟೇಪು ಹಾಕಿದಳು. ನಾನು ಕುಂಟುತ್ತ ನಡೆದೆ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಲ್ಯಾಪ್‌ಟಾಪ್ ನೋಡುತ್ತ, ಹುಬ್ಬು ಗಂಟಿಕ್ಕಿದಳು.

“ಚೌರಪ್ಪಜ್ಜ, ಒಂದು ವಿಷ್ಯ ಕೇಳ್ಲಾ? ಟೇಪಲ್ಲಿ ಹಾಡಿನ ಹಿಂದೆ ಕರೆಂಟಿನ ಗುಂಯ್ ಸದ್ದು ಇದೆ. ನಮ್ಮ ದೇಶದಲ್ಲಿ ಎಲ್ಲಿ ಹೋದ್ರೂ ಅದು ಸೆಕೆಂಡಿಗೆ ಐವತ್ತು ಸಲ ಅನ್ನುತ್ತೆ. ಇಲ್ಲಿ ನಲವತ್ತೈದು ಬರ್ತಿದೆ, ಅಂದ್ರೆ ಟೇಪು ನಿಧಾನ ಓಡ್ತಿದೆ. ಹಾಡು ಸುಳ್ಳು ಹೇಳಬಹುದು ಅಜ್ಜ, ಕರೆಂಟು ಹೇಳಲ್ಲ.”

ಚೌರಪ್ಪನಿಗೆ ಎಪ್ಪತ್ತೇಳು ವರ್ಷ. ಕುರ್ಚಿಯಿಂದ ಏಳಲಿಲ್ಲ.

“ಗೊತ್ತಮ್ಮ,” ಎಂದ. “ಪುಲ್ಲಿ ಸಣ್ಣದು. ನಾನೇ ಮಾಡಿದ್ದು.”

ಅಡುಗೆಮನೆಯ ಬಾಗಿಲಲ್ಲಿ ನಿಂತ ಲೂರ್ದಮ್ಮ, “ಏನು ಪುಲ್ಲಿ?” ಎಂದಳು. ಅವನು ಹೇಳಿದ. ಹೆಂಡತಿಗೂ ಅದೇ ಮೊದಲ ಸಲ ಹೇಳಿದ್ದು. ಅವಳು ಒಂದು ಹೆಜ್ಜೆ ಈಚೆ ಬಂದಳು. “ಪಾದ್ರಿಗಳ ಹತ್ರ ಪ್ರತಿ ತಿಂಗಳು ಪಾಪನಿವೇದನೆಗೆ ಹೋಗ್ತಿದ್ರಲ್ಲ, ಏನು ಹೇಳ್ಕೊಂಡು ಬರ್ತಿದ್ರಿ?” ಎಂದಳು.

“ಹಾಲೇಶಜ್ಜನಿಗೆ ಹೇಳೋವರೆಗೂ ನಾನು ಇದನ್ನ ಮುಟ್ಟಲ್ಲ,” ಎಂದಳು ರುಬೀನಾ.

ಚೌರಪ್ಪ ತಂಗಿಯ ಮಗನ ವರ್ಕ್‌ಶಾಪಿಗೆ ಹೋಗಿ, ಅವನ ಲೇತ್ ಮೇಲೆ ಹೊಸ ಪುಲ್ಲಿ ತಿರುವಿದ. ಮೂರು ಅಳತೆ ತಪ್ಪಿ ಕೆಟ್ಟವಂತೆ. ನಾಲ್ಕನೆಯದು ಹನ್ನೆರಡು ದಶಮಾಂಶ ಏಳಕ್ಕೆ ಬಂತು. ಅದನ್ನು ನನಗೆ ಕೂರಿಸಿ ಬೆಲ್ಟ್ ಎಳೆದ. ನಲವತ್ತೊಂದು ವರ್ಷದ ಮೇಲೆ ನೆಟ್ಟಗೆ ನಡೆಯುವುದೆಂದರೆ ಸುಖವೆಂದು ನೀವು ಅಂದುಕೊಂಡಿರಬಹುದು. ಇಲ್ಲ. ಕುಂಟು ಅಭ್ಯಾಸವಾದ ಮೇಲೆ ನೆಟ್ಟಗಿನ ನಡಿಗೆಯೂ ನೋಯುತ್ತದೆ.

ಬರಲು ಹೇಳಿಕಳಿಸಿದ ಮರುದಿನ, ಬೆಳಗ್ಗೆ ಹತ್ತರ ಬಸ್ಸಿಗೆ ಹಾಲೇಶ ಬಂದ. ಕೂದಲು ಪೂರ್ತಿ ಬಿಳಿ, ಭಟ್ಟಿಯ ಹೊಗೆಗೆ ಕೆಂಪಾದ ಕಣ್ಣು, ಕೈಯಲ್ಲಿ ಒಂದು ಚೀಲ ಮಂಡಕ್ಕಿ. “ಅಕ್ಕಾ, ಖಾರ ಹಚ್ಚಿದ್ದಲ್ಲ, ಬರೀದು,” ಎಂದು ಲೂರ್ದಮ್ಮನಿಗೆ ಕೊಟ್ಟು ಕುರ್ಚಿಯಲ್ಲಿ ಕೂತ. ಚೌರಪ್ಪ ನಿಂತೇ ಹೇಳಿದ. ರೈಲ್ವೆ ಗೇಟು, ಒಡೆದ ಪುಲ್ಲಿ, ಊಟದ ಬಿಡುವು, ಹನ್ನೆರಡರ ತುಂಡು, ಆಮೇಲೆ ಹಾರ್ಮೋನಿಯಂ. ಒಂದನ್ನೂ ಬಿಡಲಿಲ್ಲ. ನಿನ್ನ ದನಿ ಎಲ್ಲಿಗೂ ಹೋಗಿರಲಿಲ್ಲ ಕಣೋ, ಕ್ಯಾಸೆಟ್ಟಿನದು ನಿನ್ನ ದನಿಯಾಗಿರಲೇ ಇಲ್ಲ ಎಂದ.

ರುಬೀನಾ ನನ್ನ ಗುಂಡಿ ಒತ್ತಿದಳು.

ಗೋದಾಮಿನ ಸದ್ದು ಬಂತು. ಏಳು ಹಾಡೂ ಮಂಟಪದ ಕಡೆಗೆ ಓಡಿದವು. ತೆಳುವಾದ, ಎತ್ತರದ, ಆತುರದ ದನಿ. ಜಗತ್ತು ಕೊಂಡಾಡಿದ ಭಾರ ಅದರಲ್ಲಿ ಎಲ್ಲೂ ಇರಲಿಲ್ಲ. ಎಂಟನೆಯ ಹಾಡು ಬಂತು. ದಾದಾಪೀರನ ಬೆರಳು, ಅದರ ಮೇಲೆ ಆ ದನಿ, ಭಟ್ಟಿಯ ಮುಂದಿನ ತಾಯಿ ಜರಡಿಯಾಡಿಸುತ್ತ ಕೂಗುವುದು. ರುಬೀನಾ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದಳು. ಅಜ್ಜನ ಬೆರಳು ಕೇಳಿಯೋ ಏನೋ, ಅವಳ ಕಣ್ಣು ತುಂಬಿತ್ತು. ಹಾಡು ಮುಗಿದು ಟೇಪಿನ ತುದಿ ಪಟಪಟ ಬಡಿಯುವವರೆಗೂ ಯಾರೂ ನನ್ನನ್ನು ನಿಲ್ಲಿಸಲಿಲ್ಲ.

“ಇವನು ಚೆನ್ನಾಗೇ ಹಾಡ್ತಿದ್ದ,” ಎಂದ ಹಾಲೇಶ, ಯಾರೋ ಸತ್ತವರ ವಿಷಯ ಆಡುವಂತೆ.

ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ತಿರುಗಿ, “ಚೌರಪ್ಪನೋರೆ,” ಎಂದ. ಆ ಮನೆಯಲ್ಲಿ ಅವನು ಹಾಗೆ ಕರೆದದ್ದು ಅದೇ ಮೊದಲು. “ನಮ್ಮವ್ವ ಸಾಯೋ ಮುಂಚೆ ಒಂದೇ ಒಂದು ಸಲ ಆ ಹಾಡು ಹೇಳು ಅಂದ್ಲು. ನನ್ ದನಿ ಸತ್ತೈತವ್ವ ಅಂದೆ. ಹೇಳ್ಲಿಲ್ಲ. ತೊಂಬತ್ತೊಂದರಾಗೆ. ಅಷ್ಟೊತ್ತಿಗೆ ನಿಮಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು,” ಎಂದ ಚೌರಪ್ಪ.

ಹಾಲೇಶ ಹೋದ. ಚೌರಪ್ಪ ಗೋಡೆಯ ಸರ್ಟಿಫಿಕೇಟನ್ನು ಇಳಿಸಿ ಮಂಚದ ಕೆಳಗೆ ತಳ್ಳಿದ. ಲೂರ್ದಮ್ಮ ಅದನ್ನು ತೆಗೆದು ಮತ್ತೆ ಅಲ್ಲೇ ನೇತುಹಾಕಿ, “ಇರ್ಲಿ, ನೋಡ್ತಾ ಕೂತ್ಕೊಳ್ರಿ,” ಎಂದಳು.

ಈಗ ನೀವು ನನ್ನನ್ನು ಕೇಳಬಹುದು, ಆ ಆಲ್ಬಂ ಹೆಸರಿಗೆ ತಕ್ಕದ್ದೇ ಎಂದು. ಹೇಳುತ್ತೇನೆ. ಏಳು ಹಾಡು ನನ್ನ ಕುಂಟಿನಿಂದ ದೊಡ್ಡವಾದವು. ಅದು ಸುಳ್ಳಲ್ಲ, ಮಿಲ್ಲಿನಿಂದ ಮೈ ಸೋತು ಬಂದವರಿಗೆ ಅವು ನಿಜವಾಗಿಯೂ ಜೊತೆಯಾದವು, ಕೇಳಿ ಅತ್ತವರನ್ನು ನಾನೇ ನೋಡಿದ್ದೇನೆ. ತಪ್ಪಿನಿಂದ ಹುಟ್ಟಿದ್ದಕ್ಕೆ ತೂಕ ಇರಬಾರದೆಂದೇನೂ ಇಲ್ಲ. ಆದರೆ ಒಂದು ಹಾಡು ಅದೇ ಕುಂಟಿಗೆ ಸಿಕ್ಕಿ ಸತ್ತಿತು, ಅದರ ಜೊತೆ ಒಬ್ಬ ಹಾಡುಗಾರನೂ ಸತ್ತ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಲು ನನಗೆ ಬಾರದು. ನನಗೆ ವಯಸ್ಸಾಗಿದೆ.

ಹನ್ನೊಂದು ದಿನದ ಮೇಲೆ, ಅದೇ ಹತ್ತರ ಬಸ್ಸಿಗೆ, ಹಾಲೇಶ ಮತ್ತೆ ಬಂದ. ರುಬೀನಾ ಇಲ್ಲೇ ಇದ್ದಳು. ಹಳೆಯದು, ಹೊಸದು ಎಂದು ಪುಲ್ಲಿ ಬದಲಿಸುತ್ತ ಟೇಪನ್ನು ಎರಡೂ ವೇಗದಲ್ಲಿ ನಕಲಿಳಿಸಿಕೊಳ್ಳುತ್ತಿದ್ದಳು. ಹಾಲೇಶ ಚೌರಪ್ಪನ ಕಡೆ ನೋಡದೆ ಅವಳನ್ನು ಕೇಳಿದ.

“ಯಾವುದನ್ನ ಹಾಕ್ತೀಯಮ್ಮ?”

“ನೀವು ಹೇಳಿದ್ದು ಅಜ್ಜ. ಆದ್ರೆ ಸುಳ್ಳು ಹೇಳಲ್ಲ. ಸರಿಯಾದ ವೇಗದಲ್ಲಿ ಮೊದಲ ಏಳು ಹಾಡು ಸಾಧಾರಣ. ಕೊನೇದು ಮಾತ್ರ... ಅಂಥದ್ದು ನಾನು ಬೇರೆ ಕೇಳಿಲ್ಲ.”

“ನಂಗೂ ಹಂಗೇ ಅನ್ನಿಸ್ತು. ಏಳನ್ನ ಇದ್ದಂಗೇ ಬಿಡು, ಜನಕ್ಕೆ ಅವೇ ಬೇಕು. ಕೊನೇದನ್ನ ಸರಿ ಮಾಡಿ ಹಾಕು. ಕವರ್ ಮ್ಯಾಲೆ ಏನು ಬರೀತೀಯ?”

“ಹಾಡಿದವರು ಹಾಲೇಶ್ ಅಂತ. ಎಂಟಕ್ಕೂ.”

“ಬ್ಯಾಡ. ಕೊನೇದಕ್ಕೆ ಮಾತ್ರ ನನ್ ಹೆಸರು ಬರಿ. ಉಳಿದ ಏಳಕ್ಕೆ ಇವರ ಹೆಸರು ಹಾಕು. ಹಾಡಿದವರು ಚೌರಪ್ಪ, ಟರ್ನರ್.”

ಚೌರಪ್ಪ ಕುರ್ಚಿಯ ತೋಳು ಹಿಡಿದು ಎದ್ದ. “ನಾನು ಹಾಡಿಲ್ಲವಲ್ಲೋ ಹಾಲೇಶಿ.”

“ನಾನೂ ಹಾಡಿಲ್ಲ,” ಎಂದ ಹಾಲೇಶ.

ರುಬೀನಾ ಇಬ್ಬರ ಮುಖವನ್ನೂ ನೋಡಿ, ಹಾಗೆಯೇ ಬರೆದುಕೊಂಡಳು. ಚೌರಪ್ಪ ಬೇಡ ಎನ್ನಲಿಲ್ಲ.